ನಿನ್ನ ಗಂಡನಿಗೆ ಹೇಳು, ಎಡಕ್ಕೆ ತಿರುಗಿಸಲಿ

ನಮ್ಮ ಭಾವ ಹಾಸಿಗೆ ಅಂಗಡಿಯವರು. ಹಾಸಿಗೆ ಮಾರುವವರು ವಿಮಾನ ಯಾಕೆ ಹಾರಿಸಬೇಕು ಎಂದು ನನ್ನನ್ನು ಕೇಳಬೇಡಿ. ಅವರನ್ನೇ ಕೇಳಬೇಕು. ಹಾಗೆ ಕೇಳಲು ಹೋದವರೆಲ್ಲ ಅರ್ಧ ದಿನ ಕೂತು ಉತ್ತರ ಕೇಳಿಸಿಕೊಂಡು, ಏಳುವಾಗ ಒಂದು ಜೊತೆ ದಿಂಬು ಕೊಂಡುಕೊಂಡು ಬಂದಿದ್ದಾರೆ. ನಡುವಯಸ್ಸು ದಾಟಿದ ಮೇಲೆ ಅವರು ಊರಾಚೆಯ ಫ್ಲೈಯಿಂಗ್ ಕ್ಲಬ್ಬಿಗೆ ಸೇರಿದರು. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದರು. ಮೂರನೆಯ ಸಲ ಪರೀಕ್ಷಕರಿಗೇ ಬೇಜಾರು ಬಂದು ಲೈಸೆನ್ಸ್ ಕೊಟ್ಟರು. ಅಂದಿನಿಂದ ಅಂಗಡಿಯ ಗಲ್ಲಾದಲ್ಲಿ ಕೂರುವಾಗಲೂ ಅವರ ಹೆಗಲ ಮೇಲೆ ಬಂಗಾರದ ಬಣ್ಣದ ಪಟ್ಟಿ. ಅಂಗಡಿಯಲ್ಲಿ ಹತ್ತಿ ತುಂಬುವವರಿಂದ ಹಿಡಿದು ಲೆಕ್ಕ ಬರೆಯುವವರವರೆಗೆ ಎಲ್ಲರೂ ಅವರನ್ನು ಕ್ಯಾಪ್ಟನ್ ಎಂದೇ ಕರೆಯಬೇಕು.

ಈ ಕ್ಯಾಪ್ಟನ್ನನ್ನು ಕ್ಯಾಪ್ಟನ್ ಎಂದು ಒಪ್ಪದವರು ಭೂಮಿಯ ಮೇಲೆ ಒಬ್ಬರೇ, ನಮ್ಮಪ್ಪ. ಒಪ್ಪುವ ಮಾತು ಹಾಗಿರಲಿ, ಮಾವ ಅಳಿಯ ಇಬ್ಬರಿಗೂ ಮಾತೇ ಇರಲಿಲ್ಲ.

ಜಗಳದ ಮೂಲ ಒಂದು ಹಾಸಿಗೆ. ಅಪ್ಪ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಅವರು ನಿವೃತ್ತರಾದ ದಿನ ಭಾವ ತಮ್ಮ ಅಂಗಡಿಯ ಅತಿ ದಪ್ಪನೆಯ ಹಾಸಿಗೆಯನ್ನು ಉಡುಗೊರೆ ಕಳಿಸಿದರು. ಅಪ್ಪ ಒಂದು ರಾತ್ರಿ ಅದರ ಮೇಲೆ ಮಲಗಿದರು. ಬೆಳಿಗ್ಗೆ ಮನೆ ತುಂಬ ನೆಂಟರು ಕಾಫಿ ಕುಡಿಯುತ್ತಿರುವಾಗ ಸೊಂಟ ಹಿಡಿದುಕೊಂಡು ಬಂದು, "ಇದಕ್ಕಿಂತ ಪ್ಲಾಟ್‌ಫಾರ್ಮಿನ ಬೆಂಚೇ ವಾಸಿ" ಎಂದರು. ಭಾವನಿಗೆ ಏನು ಬೇಕಾದರೂ ಅನ್ನಬಹುದು, ಸರಕಿಗೆ ಅನ್ನಬಾರದು. "ಬೆಂಚಿನ ಮೇಲೆ ಮಲಗಿ ರೂಢಿ ಇರೋರಿಗೆ ಹಾಸಿಗೆ ಎಲ್ಲಿ ಹಿಡಿಸತ್ತೆ ಬಿಡಿ" ಎಂದುಬಿಟ್ಟರು.

ಅವರ ಮನಸ್ಸಿನಲ್ಲಿ ಏನಿತ್ತೋ ದೇವರೇ ಬಲ್ಲ. ಅಪ್ಪ ಮಾತ್ರ ಅದನ್ನು, ತಾವು ಡ್ಯೂಟಿಯ ಮೇಲೆ ನಿದ್ದೆ ಹೊಡೆಯುತ್ತಿದ್ದರೆಂಬ ಆರೋಪವೆಂದೇ ತೆಗೆದುಕೊಂಡರು. ಸ್ಟೇಷನ್ ಮಾಸ್ಟರನ್ನು ಜಿಪುಣ ಎನ್ನಿ, ಮುಂಗೋಪಿ ಎನ್ನಿ, ತಡೆದುಕೊಂಡಾರು. ನಿದ್ದೆ ಮಾಡಿದ ಎನ್ನಬಾರದು. ಅಪ್ಪ ಲೋಟ ಕೆಳಗಿಟ್ಟು ಅಕ್ಕನ ಕಡೆ ತಿರುಗಿ, "ನಿನ್ನ ಗಂಡನಿಗೆ ಹೇಳು, ಇನ್ನು ನನಗೂ ಅವರಿಗೂ ಮಾತಿಲ್ಲ" ಎಂದರು. ಭಾವ ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. "ಬಹಳ ಸಂತೋಷ ಅಂತ ನಿಮ್ಮಪ್ಪನವರಿಗೆ ಹೇಳು" ಎಂದರು.

ಮಾತು ಬಿಟ್ಟವರು ದೂರ ದೂರ ಇದ್ದರೆ ಚೆಂದ. ಇವರ ಮನೆಗಳು ಎದುರುಬದುರು, ಊಟ ಒಂದೇ ಮೇಜಿನಲ್ಲಿ. ಸಾಲದ್ದಕ್ಕೆ ಇಬ್ಬರಿಗೂ ಮಾತಿನ ಚಟ. "ನಿನ್ನ ಗಂಡನಿಗೆ ಹೇಳು, ಉಪ್ಪು ಈ ಕಡೆ ತಳ್ಳಲಿ." "ಉಪ್ಪು ಅವರ ಮೊಣಕೈ ಹತ್ರಾನೇ ಇದೆ ಅಂತ ಹೇಳು." "ಮೊಣಕೈ ಹತ್ರ ಇರೋದು ಸಕ್ಕರೆ ಅಂತ ಹೇಳು." ಅಕ್ಕ ಇಬ್ಬರ ಮಧ್ಯೆ ಕೂತು, ಎಲ್ಲರಿಗೂ ಕೇಳಿಸಿದ್ದನ್ನೇ ಇನ್ನೊಮ್ಮೆ ಹೇಳಬೇಕು. ಅವಳು ಹೇಳುವವರೆಗೆ ಅದು ಕೇಳಿಸಿಲ್ಲ ಎಂದೇ ಲೆಕ್ಕ. ಒಮ್ಮೆ ಕಿಟಕಿಯ ಪರದೆಗೆ ಬೆಂಕಿ ಹತ್ತಿಕೊಂಡಾಗಲೂ ಅಪ್ಪ ನಿಧಾನವಾಗಿ ಅಡುಗೆಮನೆಗೆ ಹೋಗಿ ಅಕ್ಕನನ್ನು ಕರೆತಂದು, "ನಿನ್ನ ಗಂಡನಿಗೆ ಹೇಳು, ಅವರ ಬೆನ್ನ ಹಿಂದೆ ಬೆಂಕಿ" ಎಂದಿದ್ದರು.

ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಮಾವ ಅಳಿಯರ ಜಗಳದಲ್ಲಿ ಬಡವಾದವಳು ಅಕ್ಕ. ಏಳು ವರ್ಷ ಹೀಗೆ ನಡೆದ ಮೇಲೆ ಅವಳ ಗಂಟಲು ಕಟ್ಟಿತು. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಮಾತು ಕಡಿಮೆ ಮಾಡಿ, ಇಲ್ಲದಿದ್ದರೆ ದನಿ ಪೂರ್ತಿ ಹೋಗತ್ತೆ" ಎಂದರು. ಅಕ್ಕ, "ನಾನಾಡೋ ಮಾತು ದಿನಕ್ಕೆ ನಾಲ್ಕು ಡಾಕ್ಟ್ರೇ, ಮಿಕ್ಕಿದ್ದೆಲ್ಲ ಅವರಿಬ್ಬರದ್ದು" ಎಂದಳಂತೆ.

ಆಗಲೇ ಅವಳು ಹಟ ತೊಟ್ಟದ್ದು. ಸೋದರತ್ತೆಯನ್ನು ನೋಡಲು ಅವರ ಊರಿಗೆ ಹೋಗಬೇಕಿತ್ತು. ರಸ್ತೆಯಲ್ಲಿ ಹೋದರೆ ಇಡೀ ದಿನ. ಭಾವನ ಕ್ಲಬ್ಬಿನ ವಿಮಾನದಲ್ಲಿ ಹೋಗೋಣ, ಅಪ್ಪನನ್ನು ಭಾವನ ಪಕ್ಕದಲ್ಲಿ ಕೂರಿಸೋಣ ಎಂದು ಅವಳೇ ಏರ್ಪಾಡು ಮಾಡಿದಳು. ಅಷ್ಟು ಇಕ್ಕಟ್ಟಿನಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತರೆ ಎಷ್ಟು ಹೊತ್ತು ಬಾಯಿ ಬಿಗಿದುಕೊಂಡಾರು ಎಂಬುದು ಅವಳ ಲೆಕ್ಕ. ಅಪ್ಪ ಒಪ್ಪಿದರು. ಹಿಂದಿನ ಸಂಜೆ ಒಂದು ಸಂದೇಶವನ್ನೂ ಕಳಿಸಿದರು. "ನಿನ್ನ ಗಂಡನಿಗೆ ಹೇಳು, ದಾರಿ ಗೊತ್ತಾಗದಿದ್ದರೆ ರೈಲು ಹಳಿ ಹಿಡಿದು ಹೋಗಲಿ. ಹಳಿ ಯಾವತ್ತೂ ಸುಳ್ಳು ಹೇಳಲ್ಲ." ಮಾವನ ಬಾಯಿಂದ ಬಂದ ಈ ಸಲಹೆಯಿಂದ ಭಾವ ಒಳಗೊಳಗೇ ಕರಗಿಹೋದರು. ನಕ್ಷೆ ಮಡಿಸಿಟ್ಟು, ಹಳಿ ಹಿಡಿದೇ ಹೋಗುವುದೆಂದು ತೀರ್ಮಾನಿಸಿದರು.

ವಿಮಾನದಲ್ಲಿ ನಾಲ್ಕು ಸೀಟು, ನಾವು ನಾಲ್ಕು ಜನ. ಆದರೆ ನನ್ನದು ಬೇಕರಿ. ತೂಕ ನೋಡಿದ ಮೇಲೆ ಕ್ಲಬ್ಬಿನ ಮೆಕ್ಯಾನಿಕ್ ಬಹಳ ಮರ್ಯಾದೆಯಿಂದ, "ನೀವು ಇಲ್ಲೇ ಇದ್ದರೆ ಅವರು ಅಲ್ಲಿಗೆ ಹೋಗಿ ಸೇರ್ತಾರೆ" ಎಂದರು. ನಾನು ಉಳಿದೆ. ಭಾವ ತಮ್ಮ ಹೊಸ ಹೆಡ್‌ಫೋನನ್ನು ಒರೆಸಿ, "ಇದನ್ನ ನಿಮ್ಮಪ್ಪನವರಿಗೆ ಕೊಡು, ಒಳ್ಳೇದು" ಎಂದು ಅಕ್ಕನ ಕೈಗಿತ್ತರು. ತಮಗೆ ಕ್ಲಬ್ಬಿನ ಕಪಾಟಿನಿಂದ ಒಂದನ್ನು ತೆಗೆದುಕೊಂಡರು. ಅಲ್ಲಿ ಹಲವು ಹೆಡ್‌ಫೋನುಗಳಿದ್ದವು, ಒಂದಕ್ಕೆ ಮಾತ್ರ ಕೆಂಪು ದಾರ ಕಟ್ಟಿತ್ತು. ಅದು ಕೆಟ್ಟಿದೆ, ಯಾರೂ ಮುಟ್ಟಬೇಡಿ ಎಂದು ಮೆಕ್ಯಾನಿಕ್ ಮಾಡಿಟ್ಟ ಗುರುತು. ಭಾವ ಅದನ್ನು ವಿಶೇಷದ್ದು ಎಂದುಕೊಂಡು ಅದನ್ನೇ ಆರಿಸಿ ತಲೆಗೇರಿಸಿದರು.

"ಎದುರಿಗಿರೋದನ್ನ ಯಾವುದನ್ನೂ ಮುಟ್ಟಬಾರದು ಅಂತ ನಿಮ್ಮಪ್ಪನವರಿಗೆ ಹೇಳು."

"ಸಿಗ್ನಲ್ ಹಿಡಿಗಳ ಮಧ್ಯೆ ಜೀವನ ಸವೆಸಿದೋನು ನಾನು, ಮುಟ್ಟಬಾರದ್ದು ಯಾವುದು ಅಂತ ನನಗೆ ಗೊತ್ತಿದೆ ಅಂತ ಹೇಳು."

ಅಕ್ಕ ಎರಡನ್ನೂ ಹೇಳಿದಳು. ನಮ್ಮ ಕ್ಲಬ್ಬಿನದು ಹುಲ್ಲುಗಾವಲಿನಂಥ ಚಿಕ್ಕ ನಿಲ್ದಾಣ. ಯಾರನ್ನೂ ಕೇಳಬೇಕಾಗಿಲ್ಲ, ಗಾಳಿ ನೋಡಿಕೊಂಡು ಏರಿದರಾಯಿತು. ಅವರು ಏರಿದರು, ನಾನು ಕ್ಲಬ್ಬಿನ ಚಹಾ ಕೋಣೆಗೆ ಹೋಗಿ ಬನ್ನಿನ ಪೊಟ್ಟಣ ಬಿಚ್ಚಿದೆ.

ಚಹಾ ಕೋಣೆಯಲ್ಲಿ ಮೂವರಿದ್ದರು. ಒಬ್ಬರು ಮೆಕ್ಯಾನಿಕ್. ಇನ್ನೊಬ್ಬರು ಭಾವನಿಗೆ ಹಾರಾಟ ಕಲಿಸಿದ ಬೋಧಕಿ. ಆಕೆಯ ತಲೆಗೂದಲು ಅಕಾಲದಲ್ಲಿ ನೆರೆಯಲು ಭಾವನೇ ಕಾರಣವೆಂದು ಕ್ಲಬ್ಬಿನಲ್ಲಿ ಮಾತಿತ್ತು. ಮೂರನೆಯವರು ದೊಡ್ಡ ಪ್ರಯಾಣಿಕ ವಿಮಾನ ಹಾರಿಸಿ ನಿವೃತ್ತರಾದ ಪೈಲಟ್. ಅವರ ಪ್ರತಿ ವಾಕ್ಯವೂ "ನಲವತ್ತು ಸಾವಿರ ಅಡಿ ಮೇಲೆ" ಎಂದೇ ಶುರುವಾಗುತ್ತಿದ್ದುದರಿಂದ ಎಲ್ಲರೂ ಅವರನ್ನು ನಲವತ್ತು ಸಾವಿರ ಎಂದೇ ಕರೆಯುತ್ತಿದ್ದರು. ಗೋಡೆಯ ಮೇಲೊಂದು ಸ್ಪೀಕರ್ ಇತ್ತು. ತುರ್ತು ಕರೆಗಳಿಗೆಂದೇ ಮೀಸಲಾದ ಒಂದು ರೇಡಿಯೋ ಅಲೆ ಇದೆಯಂತೆ, ಎಲ್ಲ ವಿಮಾನಗಳಲ್ಲೂ ಅದನ್ನು ತೆರೆದಿಟ್ಟುಕೊಂಡಿರಬೇಕಂತೆ. ಸ್ಪೀಕರಿನಲ್ಲಿ ಕೇಳುತ್ತಿದ್ದದ್ದು ಅದೇ.

ನಾನು ಎರಡನೇ ಬನ್ನಿಗೆ ಕೈ ಹಾಕಿದಾಗ ಅದರಲ್ಲಿ ಒಬ್ಬ ಹೆಂಗಸಿನ ದನಿ ಬಂತು. "ಎರಡು ಸಾವಿರ ಅಡಿಯಲ್ಲಿರುವ ಗುರುತು ತಿಳಿಯದ ವಿಮಾನದ ಗಮನಕ್ಕೆ. ನೀವು ನಿಷೇಧಿತ ವಲಯದ ಒಳಗೆ ಬಂದಿದ್ದೀರಿ. ತಕ್ಷಣ ಉತ್ತರಿಸಿ." ಉತ್ತರವಿಲ್ಲ. ಮತ್ತೆ ಅದೇ ಕರೆ, ಮತ್ತೆ ಮೌನ.

"ಯಾರೋ ಸೈನ್ಯದ ಮದ್ದುಗುಂಡಿನ ಉಗ್ರಾಣದ ಮೇಲೆ ಹೋಗ್ತಿದಾರೆ" ಎಂದರು ಬೋಧಕಿ. "ಅಲ್ಲಿ ಹಕ್ಕಿ ಹಾರಿದ್ರೂ ಕೇಳ್ತಾರೆ."

"ಪೈಲಟ್ಟಿಗೆ ಪ್ರಜ್ಞೆ ತಪ್ಪಿರತ್ತೆ" ಎಂದರು ನಲವತ್ತು ಸಾವಿರ. "ನಲವತ್ತು ಸಾವಿರ ಅಡಿ ಮೇಲೆ ಉಸಿರಾಡೋಕೆ ಗಾಳಿ ಇರಲ್ಲ."

"ಇದು ಎರಡು ಸಾವಿರ ಅಡೀಲಿ ಹೋಗ್ತಿರೋದಂತೆ ಸಾರ್. ಅಲ್ಲಿ ಕಾಗೆ ಕೂಡ ಚೆನ್ನಾಗೇ ಉಸಿರಾಡತ್ತೆ" ಎಂದರು ಮೆಕ್ಯಾನಿಕ್.

"ಹಾಗಾದ್ರೆ ಗೂಢಚಾರ" ಎಂದು ನಲವತ್ತು ಸಾವಿರ ಚಹಾ ಹೀರಿದರು. ನಾನೂ ಲೋಕಾಭಿರಾಮವಾಗಿ, "ಇಂಥೋರಿಗೆಲ್ಲ ಲೈಸೆನ್ಸ್ ಯಾರು ಕೊಡ್ತಾರೋ" ಎಂದೆ. ಬೋಧಕಿ ಯಾಕೋ ಕೆಮ್ಮಿದರು.

ಅಷ್ಟರಲ್ಲಿ ಯುದ್ಧವಿಮಾನಗಳೆರಡು ಮೇಲೇರಿದ್ದವು. ಅವುಗಳ ಪೈಲಟ್ಟುಗಳ ಮಾತು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಬಂತು.

"ಗುರಿ ಕಾಣಿಸ್ತಿದೆ. ಬಿಳಿ ಬಣ್ಣದ ಸಣ್ಣ ವಿಮಾನ. ರೆಕ್ಕೆ ಅಲ್ಲಾಡಿಸ್ತೀನಿ."

ಬೋಧಕಿ ನನಗೆ ವಿವರಿಸಿದರು. ಯುದ್ಧವಿಮಾನ ಪಕ್ಕಕ್ಕೆ ಬಂದು ರೆಕ್ಕೆ ಅಲ್ಲಾಡಿಸಿದರೆ, ನಿನ್ನನ್ನು ತಡೆದಿದ್ದೇವೆ, ನಮ್ಮ ಹಿಂದೆ ಬಾ ಎಂದರ್ಥ. ಇವರೂ ರೆಕ್ಕೆ ಅಲ್ಲಾಡಿಸಿದರೆ, ಆಗಲಿ, ಬರುತ್ತೇನೆ ಎಂದರ್ಥ. "ನಮ್ಮ ಕ್ಲಬ್ಬಿನೋರು ಮಾತ್ರ ಎದುರುಬದುರು ಸಿಕ್ಕಾಗ ನಮಸ್ಕಾರ ಅನ್ನೋಕೆ ರೆಕ್ಕೆ ಅಲ್ಲಾಡಿಸ್ತಾರೆ. ಅದು ಕೆಟ್ಟ ಅಭ್ಯಾಸ ಅಂತ ಬಡ್ಕೋತಾನೇ ಇದೀನಿ."

"ಗುರಿಯೂ ರೆಕ್ಕೆ ಅಲ್ಲಾಡಿಸಿತು" ಎಂದರು ಮೊದಲ ಪೈಲಟ್. "ಒಪ್ಪಿಕೊಂಡಿದಾರೆ."

"ಹಿಂದೆ ಬರ್ತಿದಾರಾ?" ಎಂದಳು ಕೆಳಗಿನ ಹೆಂಗಸು.

"ಇಲ್ಲ. ನೇರ ಹೋಗ್ತಿದಾರೆ."

"ಒಪ್ಪಿಕೊಂಡ ಮೇಲೆ ಯಾಕೆ ನೇರ ಹೋಗ್ತಾರೆ?"

"ಗೊತ್ತಾಗ್ತಿಲ್ಲ. ಇವರಷ್ಟು ನಿಧಾನ ಹೋಗೋಕೆ ನನಗಾಗಲ್ಲ, ಸುತ್ತು ಹಾಕಿ ಬರ್ತೀನಿ." ಸ್ವಲ್ಪ ಹೊತ್ತಿನ ಮೇಲೆ, "ಮತ್ತೆ ಅಲ್ಲಾಡಿಸಿದೆ. ಮತ್ತೆ ಒಪ್ಪಿಕೊಂಡ್ರು. ಮೊದಲಿಗಿಂತ ಜೋರಾಗೇ ಒಪ್ಪಿಕೊಂಡ್ರು. ಆದ್ರೂ ಬರ್ತಿಲ್ಲ."

"ನನಗೂ ಅಲ್ಲಾಡಿಸಿದ್ರು" ಎಂದರು ಎರಡನೆಯ ಪೈಲಟ್. "ಈಗ ಕೈ ಬೀಸ್ತಿದಾರೆ."

"ಕೈ ಬೀಸ್ತಿದಾರಾ? ಕಾಪಾಡಿ ಅನ್ನೋ ಥರಾನಾ?"

"ಅಲ್ಲ. ಬನ್ನಿ ಬನ್ನಿ, ಊಟ ಮಾಡ್ಕೊಂಡೇ ಹೋಗ್ಬೇಕು ಅನ್ನೋ ಥರ."

"ಒಳಗೆ ಯಾರ್ಯಾರಿದಾರೆ ನೋಡಿ ಹೇಳಿ" ಎಂದಳು ಕೆಳಗಿನ ಹೆಂಗಸು.

"ಎಡಗಡೆ ಪೈಲಟ್, ಹೆಗಲ ಮೇಲೆ ದಪ್ಪ ದಪ್ಪ ಬಂಗಾರದ ಪಟ್ಟಿ. ಬಲಗಡೆ ಒಬ್ಬರು ವಯಸ್ಸಾದವರು, ಕೈ ಕಟ್ಕೊಂಡು ಬಿಗಿಯಾಗಿ ಕೂತಿದಾರೆ. ಹಿಂದೆ ಒಬ್ಬ ಹೆಂಗಸು. ಕಣ್ಣು ಮುಚ್ಚಿ ಒರಗಿದಾರೆ, ಅಲುಗಾಡ್ತಿಲ್ಲ."

ನಲವತ್ತು ಸಾವಿರ ಮೇಜು ಕುಟ್ಟಿದರು. "ಗೊತ್ತಾಯ್ತು. ಇದು ಅಪಹರಣ. ಪಟ್ಟಿ ಹಾಕಿರೋನೇ ಸೂತ್ರಧಾರಿ. ಹೆಂಗಸಿಗೆ ಏನೋ ಕುಡಿಸಿ ಮಲಗಿಸಿದಾನೆ. ಮುದುಕರನ್ನ ಬೆದರಿಸಿ ಕೂರಿಸಿದಾನೆ."

ನಾನು ಬನ್ನು ಕೆಳಗಿಟ್ಟು, "ಆ ಮುದುಕರು ನಮ್ಮಪ್ಪ" ಎಂದೆ.

ಮೂವರೂ ನನ್ನ ಕಡೆ ತಿರುಗಿದರು. ಮೆಕ್ಯಾನಿಕ್ ಎದ್ದು ಕಪಾಟಿನ ಬಾಗಿಲು ತೆರೆದು ನೋಡಿ ಹಣೆ ಹಣೆ ಚಚ್ಚಿಕೊಂಡರು. "ಕೆಂಪು ದಾರದ್ದು ಇಲ್ಲ. ಕೆಟ್ಟಿರೋದನ್ನೇ ಹಾಕ್ಕೊಂಡು ಹೋಗಿದಾರೆ. ಅವರಿಗೆ ಒಂದಕ್ಷರ ಕೇಳಿಸಲ್ಲ."

"ಪಕ್ಕದಲ್ಲಿರೋರಿಗೆ ಕೇಳಿಸ್ತಿರತ್ತಲ್ಲ" ಎಂದರು ಬೋಧಕಿ. "ನಿಮ್ಮಪ್ಪ ಅವರಿಗೆ ಹೇಳಬಹುದಲ್ಲ."

"ಹೇಳಲ್ಲ" ಎಂದೆ.

"ಹೇಳಲ್ಲ ಅಂದ್ರೆ?"

ನಾನು ಹಾಸಿಗೆಯ ಕತೆಯನ್ನು ಮೊದಲಿಂದ ಹೇಳಬೇಕಾಯಿತು. ಎಷ್ಟು ಚುಟುಕಾಗಿ ಹೇಳಿದರೂ ಅದು ಹಾಸಿಗೆಯಷ್ಟೇ ದಪ್ಪವಾಗಿತ್ತು. ಕೇಳಿ ಮುಗಿಸಿದ ಬೋಧಕಿ ಕ್ಲಬ್ಬಿನ ರೇಡಿಯೋದತ್ತ ಓಡಿದರು. ಆದರೆ ಅಷ್ಟು ಕೆಳಗೆ ಹಾರುವ ವಿಮಾನಕ್ಕೆ ನಮ್ಮ ಕ್ಲಬ್ಬಿನ ದನಿ ಅಷ್ಟು ದೂರ ಮುಟ್ಟುತ್ತಿರಲಿಲ್ಲ. ದೊಡ್ಡ ರೇಡಿಯೋ ಇದ್ದ ಸೈನ್ಯದವರ ಮಾತಷ್ಟೇ ನಮಗೆ ಕೇಳುತ್ತಿತ್ತು.

ವಿಮಾನದೊಳಗೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಮೂವರೂ ಮೂರು ಥರ ಹೇಳಿದರು. ನನಗೆ ತೋಚಿದಂತೆ ಹೊಂದಿಸಿದ್ದೇನೆ.

ಭಾವ ಹಳಿ ಹಿಡಿದು ಹೊರಟರು. ಜಂಕ್ಷನ್ನಿನಲ್ಲಿ ಹಳಿ ಎರಡಾಯಿತು. ಭಾವ ಬಲಗಡೆಯದನ್ನು ಹಿಡಿದರು. ಅದು ಉಗ್ರಾಣಕ್ಕೆ ಸರಕು ಸಾಗಿಸುವ ಕವಲು ಹಳಿ. ಅಪ್ಪನಿಗೆ ಆ ಕ್ಷಣವೇ ಗೊತ್ತಾಯಿತು. ಹಿಂದೆ ತಿರುಗಿ ನೋಡಿದರು. ಅಕ್ಕ ಕಣ್ಣು ಮುಚ್ಚಿದ್ದಳು. ಎದ್ದ ಮೇಲೆ ಹೇಳಿಸಿದರಾಯಿತು ಎಂದು ಸುಮ್ಮನಾದರು.

ಆಮೇಲೆ ಕಿವಿಯಲ್ಲಿ ಕರೆ ಶುರುವಾಯಿತು. ಅದೂ ಅಪ್ಪನಿಗೆ ಚೆನ್ನಾಗಿ ಕೇಳಿಸಿತು. ಆದರೆ ರೈಲ್ವೆಯಲ್ಲಿ ಒಂದು ಶಿಸ್ತು ಇದೆ. ಒಂದೇ ತಂತಿಯ ಮೇಲೆ ಹತ್ತು ಸ್ಟೇಷನ್ನುಗಳ ಕರೆ ಬರುತ್ತಿರುತ್ತದೆ, ತನ್ನ ಸ್ಟೇಷನ್ನಿನ ಹೆಸರು ಹೇಳಿ ಕರೆದರೆ ಮಾತ್ರ ಫೋನ್ ಎತ್ತಬೇಕು. ಪರರ ಕರೆಗೆ ಬಾಯಿ ಹಾಕಿದವರಿಂದಲೇ ರೈಲುಗಳು ಗುದ್ದಿಕೊಂಡದ್ದು ಎಂದು ಅಪ್ಪ ನಮಗೆ ಊಟದ ಹೊತ್ತಿನಲ್ಲೆಲ್ಲ ಹೇಳುತ್ತಿದ್ದರು. ಯಾರೋ ಗುರುತು ತಿಳಿಯದವನನ್ನು ಕರೆಯುತ್ತಿದ್ದಾರೆ. ತಮ್ಮ ಗುರುತು ತಮಗೆ ತಿಳಿದೇ ಇದೆ. ಆದ್ದರಿಂದ ಇದು ತಮಗಲ್ಲ. ಎಂಥ ಬೇಜವಾಬ್ದಾರಿ ಮನುಷ್ಯನಿರಬೇಕು ಅವನು ಎಂದು ತಲೆಯಾಡಿಸುತ್ತ ಕೇಳಿದರು.

ಇತ್ತ ಭಾವನ ಕಿವಿಯಲ್ಲಿ ಸಂಪೂರ್ಣ ಶಾಂತಿ. ಆಕಾಶದಲ್ಲಿ ಇವತ್ತು ಜನವೇ ಇಲ್ಲ ಎಂದುಕೊಂಡಿದ್ದರು. ಅಷ್ಟರಲ್ಲಿ ಪಕ್ಕದಲ್ಲಿ ಯುದ್ಧವಿಮಾನ ಕಾಣಿಸಿಕೊಂಡು ರೆಕ್ಕೆ ಅಲ್ಲಾಡಿಸಿತು. ಭಾವನಿಗೆ ಎದೆ ತುಂಬಿ ಬಂತು. ಕ್ಲಬ್ಬಿನ ಪದ್ಧತಿಯಂತೆ ತಾವೂ ಅಲ್ಲಾಡಿಸಿದರು. ಅದು ಮುಂದೆ ಹೋಗಿ ಸುತ್ತು ಹಾಕಿ ಬಂದಾಗಲೆಲ್ಲ ಭಾವ ಅದನ್ನು ಇನ್ನೊಂದು ಹೊಸ ವಿಮಾನವೆಂದೇ ಎಣಿಸಿದರು. ಇವತ್ತಿಗೂ, "ಹತ್ತು ಹನ್ನೆರಡು ಬಂದಿದ್ವು ಕಣೋ" ಎನ್ನುತ್ತಾರೆ. ಮಾವ ಇದನ್ನೆಲ್ಲ ನೋಡುತ್ತಿದ್ದಾರೆ ಎಂಬುದೇ ಅವರಿಗೆ ದೊಡ್ಡ ಸಮಾಧಾನ. ಎಚ್ಚರಿಸಲೆಂದು ಯುದ್ಧವಿಮಾನ ಉರಿಯುವ ದೀಪಗಳನ್ನು ಉದುರಿಸಿದಾಗಲಂತೂ, ನನ್ನ ಮರ್ಯಾದೆ ನೋಡಿದಿರಾ ಎನ್ನುವಂತೆ ಮಾವನ ಕಡೆ ತಿರುಗಿ ಹುಬ್ಬು ಹಾರಿಸಿದರಂತೆ.

ಆ ಹೊತ್ತಿಗೇ ಅಪ್ಪನ ಕಿವಿಯಲ್ಲಿ, "ಬಲಗಡೆ ವಯಸ್ಸಾದವರು, ಕೈ ಕಟ್ಕೊಂಡು ಕೂತಿದಾರೆ" ಎಂಬ ಮಾತು ಬಿತ್ತು. ಅಪ್ಪ ತಮ್ಮ ಕೈ ನೋಡಿಕೊಂಡರು. ಕಟ್ಟಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮೆಲ್ಲಗೆ ಬಿಚ್ಚಿದರು. "ಈಗ ಕೈ ಬಿಚ್ಚಿದ್ರು" ಎಂದಿತು ಕಿವಿ. ಗಲ್ಲದ ಮೇಲೆ ಕೈಯಿಟ್ಟರು. "ಗಲ್ಲದ ಮೇಲೆ ಕೈಯಿಟ್ಕೊಂಡ್ರು." ಇನ್ನು ಅನುಮಾನ ಉಳಿಯಲಿಲ್ಲ. ಎದುರಿನ ಹಿಡಿಯ ಮೇಲೊಂದು ಗುಂಡಿ ಇತ್ತು. ಗುಂಡಿ ಒತ್ತಿ ಮಾತಾಡುವುದು ಅಪ್ಪನಿಗೆ ಉಸಿರಾಟದಷ್ಟೇ ಅಭ್ಯಾಸ. ಒತ್ತಿದರು.

ಚಹಾ ಕೋಣೆಯ ಸ್ಪೀಕರಿನಲ್ಲಿ ಗೊರಗೊರ ಸದ್ದಿನ ನಡುವೆ ನಮ್ಮಪ್ಪನ ದನಿ ಬಂತು. ಅದೃಷ್ಟಕ್ಕೆ ಯುದ್ಧವಿಮಾನಗಳನ್ನು ಚೆನ್ನಾಗಿ ನೋಡಲೆಂದು ಭಾವ ಸ್ವಲ್ಪ ಮೇಲೇರಿಸಿದ್ದರೋ ಏನೋ.

"ಹಲೋ. ನೀವು ಕರೀತಿರೋದು ನಮ್ಮನ್ನಾ?"

ಕೆಳಗಿನ ಹೆಂಗಸು ದೀರ್ಘವಾಗಿ ಉಸಿರು ಬಿಟ್ಟಳು. "ಹೌದು. ನಿಮ್ಮನ್ನೇ. ನೀವು ಪೈಲಟ್ಟಾ?"

"ಅಲ್ಲ. ನಿವೃತ್ತ ಸ್ಟೇಷನ್ ಮಾಸ್ಟರ್. ಪೈಲಟ್ ಪಕ್ಕದಲ್ಲಿದಾರೆ."

"ಅವರಿಗೆ ಪ್ರಜ್ಞೆ ಇದೆಯಾ?"

"ಇದೆ. ಯಾರಿಗೋ ಕೈ ಬೀಸ್ತಿದಾರೆ."

"ತಕ್ಷಣ ಎಡಕ್ಕೆ ತಿರುಗಿಸೋಕೆ ಹೇಳಿ."

"ಹೇಳೋಕಾಗಲ್ಲ."

"ಯಾಕೆ? ನಿಮ್ಮನ್ನ ಬೆದರಿಸ್ತಿದಾರಾ?"

"ಇಲ್ಲ. ನಾವು ಮಾತು ಬಿಟ್ಟಿದೀವಿ. ಮಗಳು ಎದ್ದ ಮೇಲೆ ಹೇಳಿಸ್ತೀನಿ, ಸ್ವಲ್ಪ ತಾಳಿ."

ಮೊದಲ ಯುದ್ಧವಿಮಾನದ ಪೈಲಟ್, "ಆದೇಶ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ" ಎಂದರು. ಆಗ ಒಂದು ದಪ್ಪ ಗಂಡು ದನಿ ಬಂತು. ಯಾರೋ ದೊಡ್ಡ ಅಧಿಕಾರಿ.

"ನೋಡಿ ಹಿರಿಯರೇ, ಉಗ್ರಾಣ ಎದುರಿಗೇ ಇದೆ. ನೀವು ತಿರುಗದಿದ್ರೆ ನಾನು ಕೊಡಬೇಕಾದ ಆದೇಶ ನನಗೆ ಇಷ್ಟವಿಲ್ಲ. ನೀವೇ ಅವರಿಗೆ ಹೇಳಿ."

"ನಿಮ್ಮ ಕಷ್ಟ ನನಗೆ ಅರ್ಥವಾಗತ್ತೆ" ಎಂದರು ಅಪ್ಪ. "ಆದ್ರೆ ಅವರು ಅವತ್ತು ಆಡಿದ ಮಾತು ನೀವು ಕೇಳಿಲ್ಲ."

"ನನ್ನ ಮಾವನೂ ಹೀಗೇ" ಎಂದು ಎರಡನೆಯ ಪೈಲಟ್ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಅಧಿಕಾರಿ ಅವರಿಗೆ ಬಾಯಿ ಮುಚ್ಚಲು ಹೇಳಿದರು.

ಅಪ್ಪ ಹಿಂದೆ ತಿರುಗಿ ಕೂಗಿದರು. ಹೆಬ್ಬೆರಳು ಮಾತ್ರ ಗುಂಡಿಯ ಮೇಲೇ ಇತ್ತು. ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಆ ಅಲೆಯಲ್ಲಿ ಬೇರಾರೂ ಮಾತಾಡುವಂತಿಲ್ಲ. ಆದ್ದರಿಂದ ಮುಂದಿನದನ್ನು ಇಡೀ ಸೈನ್ಯ ಬಾಯಿ ಮುಚ್ಚಿಕೊಂಡು ಕೇಳಬೇಕಾಯಿತು.

"ಏಳೇ ಮಗಳೇ, ಏಳು. ನಿನ್ನ ಗಂಡನಿಗೆ ಹೇಳು, ಎಡಕ್ಕೆ ತಿರುಗಿಸಲಿ."

"ನಾನು ಮಲಗೇ ಇಲ್ಲ" ಎಂದಳು ಅಕ್ಕ. ಮುಂದಿನ ಸೀಟುಗಳ ಮಧ್ಯೆ ಮುಖ ತಂದು ಮಾತಾಡುತ್ತಿದ್ದಳೆಂದು ಕಾಣುತ್ತದೆ, ಒಡೆದ ದನಿಯಾದರೂ ಸ್ಪಷ್ಟವಾಗಿ ಕೇಳಿಸಿತು. "ನೀವಿಬ್ರೂ ಒಂದು ಮಾತಾಡ್ಲಿ ಅಂತ ಕಣ್ಣು ಮುಚ್ಕೊಂಡು ಕಾಯ್ತಿದ್ದೆ."

"ಆಯ್ತು, ಈಗ ಹೇಳು."

"ನಾನು ಹೇಳಲ್ಲ. ನೀವೇ ಹೇಳಿ."

"ಹುಚ್ಚು ಹಿಡೀತಾ ನಿನಗೆ? ಹೊರಗೆ ನೋಡು, ಗುಂಡು ಹಾರಿಸೋ ವಿಮಾನ."

"ನೋಡಿದೆ. ಹಾರಿಸಲಿ." "ಅಪ್ಪಾ, ನಿಮ್ಮ ಮಾತು ಅವರಿಗೆ ಹೊತ್ತು, ಅವರ ಮಾತು ನಿಮಗೆ ಹೊತ್ತು, ನನ್ನ ಮಾತು ಯಾವುದು ಅಂತಾನೇ ಮರೆತುಹೋಗಿದೆ. ನಿನಗೇನು ಬೇಕು ಅಂತ ನಿಮ್ಮಿಬ್ರಲ್ಲಿ ಒಬ್ರಾದ್ರೂ ನನ್ನ ಕೇಳಿದೀರಾ? ಉಪ್ಪು, ಸಕ್ಕರೆ, ಫ್ಯಾನು, ಕಿಟಕಿ. ಇಷ್ಟೇ ಆಯ್ತು ನನ್ನ ಜೀವನ. ಇವತ್ತು ನಾನು ಹೇಳಲ್ಲ. ಸತ್ತರೆ ಮೂವರೂ ಒಟ್ಟಿಗೆ ಸಾಯೋಣ."

ಚಹಾ ಕೋಣೆಯಲ್ಲಿ ಬೋಧಕಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನನಗೆ ನಾಚಿಕೆಯಾಯಿತು. ದಿನಾ ಅದೇ ಮೇಜಿನಲ್ಲಿ ಕೂತು ಉಣ್ಣುವ ನಾನು ಅವಳ ಅವಸ್ಥೆಗೆ ನಕ್ಕಿದ್ದೇ ಹೆಚ್ಚು.

ಸ್ಪೀಕರಿನಲ್ಲಿ ಎಂಜಿನ್ನಿನ ಸದ್ದಷ್ಟೇ ಬರುತ್ತಿತ್ತು. ಆಮೇಲೆ ಏನೋ ಕಿತ್ತ ಸದ್ದು. ಅಪ್ಪ ಭಾವನ ಕಿವಿಯ ಮೇಲಿನ ಹೆಡ್‌ಫೋನನ್ನು ಪಕ್ಕಕ್ಕೆ ಸರಿಸಿದ್ದರು.

"ಅಳಿಯಂದಿರೇ. ಎಡಕ್ಕೆ ತಿರುಗಿಸಿ."

"ಏನಂದ್ರಿ?" ಎಂದಿತು ಭಾವನ ದನಿ.

"ಎಡಕ್ಕೆ ತಿರುಗಿಸಿ ಅಂದೆ."

"ಅದಲ್ಲ. ಅದಕ್ಕೆ ಮುಂಚೆ ಏನೋ ಕರೆದ್ರಲ್ಲ."

"ಅಳಿಯಂದಿರೇ ಅಂದೆ. ತಿರುಗಿಸ್ರೀ ಮೊದಲು."

"ಮಾವ" ಎಂದರು ಭಾವ. ಅಳುತ್ತಿದ್ದರು. "ಅವತ್ತು ನಾನು ಹಾಗನ್ನಬಾರದಿತ್ತು ಮಾವ. ಬಾಯಿ ತಪ್ಪಿ ಬಂತು. ಆ ಹಾಸಿಗೇಲಿ ಹತ್ತಿ ಸರಿಯಾಗಿ ತುಂಬಿರಲಿಲ್ಲ, ನನಗೂ ಗೊತ್ತಿತ್ತು."

"ಹತ್ತಿ ಹಾಳಾಗಲಿ. ನೀವು ಹಿಡಿದಿರೋದು ಕವಲು ಹಳಿ. ಜಂಕ್ಷನ್ನಿನಲ್ಲೇ ತಪ್ಪಿದ್ರಿ."

"ಆಗಲೇ ಹೇಳಬಾರದಿತ್ತಾ?"

"ಹೇಗೆ ಹೇಳಲಿ, ಇವಳು ಮಲಗಿದ್ದಳಲ್ಲ."

ಅಲ್ಲಿಗೆ ಅಪ್ಪನ ಹೆಬ್ಬೆರಳು ಗುಂಡಿಯಿಂದ ಜಾರಿತು. ನಾಲ್ವರೂ ಸ್ಪೀಕರನ್ನೇ ನೋಡುತ್ತ ನಿಂತೆವು. ಕೊನೆಗೆ ಮೊದಲ ಯುದ್ಧವಿಮಾನದ ಪೈಲಟ್, "ಗುರಿ ಎಡಕ್ಕೆ ತಿರುಗಿತು" ಎಂದರು. ಸ್ವಲ್ಪ ತಡೆದು, "ದೇವರು ದೊಡ್ಡವನು" ಎಂದೂ ಸೇರಿಸಿದರು. ಮೆಕ್ಯಾನಿಕ್ ನನ್ನ ಪೊಟ್ಟಣದಿಂದ ಒಂದು ಬನ್ನು ತೆಗೆದುಕೊಂಡು ಕುಸಿದು ಕೂತರು.

ವಿಮಾನವನ್ನು ಸೈನ್ಯದ ನಿಲ್ದಾಣದಲ್ಲಿ ಇಳಿಸಿದರು. ಬೋಧಕಿ ತಮ್ಮ ಕಾರಿನಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ದರು. ಒಂದು ಉದ್ದನೆಯ ಕೋಣೆ, ಬೋಳು ಮೇಜು, ಆ ಕಡೆ ದಪ್ಪ ದನಿಯ ಅಧಿಕಾರಿ, ಈ ಕಡೆ ನಮ್ಮ ಮೂವರು. ಅಧಿಕಾರಿ ಅರ್ಧ ಗಂಟೆ ಬೈದರು. ಎಲ್ಲವೂ ನ್ಯಾಯವಾದ ಬೈಗುಳವೇ. ಭಾವ ತಲೆ ತಗ್ಗಿಸಿ ನುಂಗಿಕೊಂಡರು. ಆಮೇಲೆ ಅಧಿಕಾರಿ ಅಪ್ಪನ ಕಡೆ ತಿರುಗಿದರು.

"ಅಷ್ಟು ಸಲ ಕರೆದ್ವಿ. ನಿಮ್ಮ ಕಿವೀಲಿ ಹೆಡ್‌ಫೋನ್ ಸರಿಯಾಗೇ ಇತ್ತು. ಏನು, ನಿದ್ದೆ ಮಾಡ್ತಿದ್ರಾ?"

ಅಕ್ಕ ಕಣ್ಣು ಮುಚ್ಚಿಕೊಂಡಳು. ಈ ಸಲ ನಿಜವಾಗಿಯೂ ಹೆದರಿ. ಅಪ್ಪನ ಮುಖ ಕೆಂಪೇರಿತು. ಅವರು ಬಾಯಿ ತೆರೆಯುವ ಮೊದಲೇ ಭಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು.

"ಸಾರ್, ತಪ್ಪೆಲ್ಲ ನಂದು. ನನ್ನ ಲೈಸೆನ್ಸ್ ಬೇಕಾದ್ರೆ ತಗೊಳ್ಳಿ. ಆದ್ರೆ ಈ ಮಾತು ಮಾತ್ರ ವಾಪಸ್ ತಗೊಳ್ಳಿ. ನಮ್ಮ ಮಾವ ಡ್ಯೂಟಿ ಮೇಲೆ ಯಾವತ್ತೂ ಕಣ್ಣು ಮುಚ್ಚಿದೋರಲ್ಲ."

ಅಧಿಕಾರಿ ಮಾತನ್ನು ವಾಪಸ್ ತೆಗೆದುಕೊಂಡರು. ಲೈಸೆನ್ಸನ್ನೂ ತೆಗೆದುಕೊಂಡರು. ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು. ಆಮೇಲೆ ಭಾವನ ಕೈ ಹಿಡಿದು, "ನಡೀರಿ ಅಳಿಯಂದಿರೇ, ಮನೆಗೆ ಹೋಗೋಣ. ನೆಲದ ಮೇಲೆ ಹೋಗೋಣ" ಎಂದರು.

ಕತೆ ಇಲ್ಲಿಗೆ ಮುಗಿದಿದ್ದರೆ ನನಗೇನೂ ತೊಂದರೆ ಇರಲಿಲ್ಲ. ವಾಪಸು ಬರುವ ದಾರಿಯಲ್ಲಿ ಮಾವ ಅಳಿಯ ಬೋಧಕಿಯ ಕಾರಿನ ಹಿಂದಿನ ಸೀಟಿನಲ್ಲಿ, ಅಕ್ಕನ ಪಕ್ಕದಲ್ಲೇ ಕೂತು ಏಳು ವರ್ಷದ ಮಾತನ್ನೆಲ್ಲ ಆಡಿದರು. ಊರು ಹತ್ತಿರ ಬಂದಾಗ ಮಾತು ಅಕ್ಕನ ಮೇಲೆ ತಿರುಗಿತು.

"ಪ್ರಾಣ ಹೋಗೋ ಹೊತ್ತಲ್ಲಿ ಹೇಳಲ್ಲ ಅಂದುಬಿಟ್ಳಲ್ಲ ಮಾವ."

"ಹಾರಿಸಲಿ ಅಂದಳು. ಹೆತ್ತ ತಂದೆ ಎದುರಿಗೆ ಕೂತಿದೀನಿ, ಹಾರಿಸಲಿ ಅಂದಳು."

"ನಿದ್ದೆ ನಾಟಕ ಬೇರೆ."

"ಅವಳಾಗಿ ತಪ್ಪಾಯ್ತು ಅನ್ನೋವರೆಗೂ ನಾನಂತೂ ಅವಳ ಹತ್ರ ಮಾತಾಡಲ್ಲ."

"ನಾನೂ ಅಷ್ಟೇ" ಎಂದರು ಭಾವ. ಇಬ್ಬರೂ ಕೈ ಕುಲುಕಿದರು.

ಈಗ ಊಟದ ಮೇಜಿನಲ್ಲಿ ಇಬ್ಬರೂ ಒಂದೇ ಕಡೆ ಕೂರುತ್ತಾರೆ. ನಾನು ಎದುರಿಗೆ, ಅಕ್ಕನ ಪಕ್ಕದಲ್ಲಿ. "ನಿಮ್ಮಕ್ಕನಿಗೆ ಹೇಳೋ, ನೀರು ಬೇಕು." "ನಿಮ್ಮಕ್ಕನಿಗೆ ಹೇಳು, ನನ್ನ ಬಿಳಿ ಅಂಗಿ ಎಲ್ಲಿ." ಬೇಕರಿ ಬಾಗಿಲು ಹಾಕಿ ಬಂದವನಿಗೆ ಇದೊಂದು ಉದ್ಯೋಗ. ನನ್ನ ಗಂಟಲೂ ಕಟ್ಟಲು ಶುರುವಾಗಿದೆ. ಅಕ್ಕನ ದನಿ ಮಾತ್ರ ಪೂರ್ತಿ ತಿಳಿಯಾಗಿದೆ, ಕೆಲಸ ಮಾಡುತ್ತ ಏನೋ ಗುನುಗುತ್ತಿರುತ್ತಾಳೆ.

ಮೊನ್ನೆ ಸಂಜೆ ನನಗೆ ಸಾಕಾಗಿಹೋಯಿತು. ಇಬ್ಬರಿಗೂ ಕಾಫಿ ಬೇಕಂತೆ ಎಂದು ಹೇಳಲು ಅಡುಗೆಮನೆಗೆ ಹೋದವನು ಅವಳ ಮುಂದೆ ಕೈ ಮುಗಿದೆ. "ಅಕ್ಕಾ, ಒಂದು ಸಲ ತಪ್ಪಾಯ್ತು ಅಂದುಬಿಡು. ಒಂದೇ ಮಾತು. ಎಲ್ಲ ಮುಗಿದುಹೋಗತ್ತೆ."

ಅಕ್ಕ ಬಾಗಿಲಾಚೆ ಒಮ್ಮೆ ಇಣುಕಿ ನೋಡಿದಳು. ದನಿ ತಗ್ಗಿಸಿ, "ಸುಮ್ನಿರೋ. ತಪ್ಪಾಯ್ತು ಅಂದ್ರೆ ಅವರಿಬ್ರೂ ಮತ್ತೆ ನನ್ನ ಹತ್ರ ಮಾತಾಡ್ತಾರೆ" ಎಂದು, ಕೈಯಲ್ಲಿದ್ದ ಬಿಸಿ ಕಾಫಿಯನ್ನು ಕೂತು ನಿಧಾನವಾಗಿ ತಾನೇ ಕುಡಿದಳು.